ಒಲೆಯ ಹಿಂದಿನ ಬಾಗಿಲು

ಬೆಳಗ್ಗೆ ಎಂಟೂಕಾಲಿಗೆ, ಗೇಟು ತೆರೆಯುವ ಮುನ್ನ,
ಬ್ಯಾಲರಾಟಿನ ಈ ತೋರಿಕೆಯ ಗಣಿಯಲ್ಲಿ
ರಬ್ಬರ್ ಬೂಟು ಹಾಕಿ ತೊರೆಗಿಳಿಯುತ್ತೇನೆ.
ಜೇಬಲ್ಲಿ ಹೆಬ್ಬೆರಳಷ್ಟು ಸೀಸೆ,
ಸೀಸೆಯಲ್ಲಿ ಬಂಗಾರದ ಹೊಟ್ಟು.
ಚಿಟಿಕೆ ಚಿಟಿಕೆ, ರಂಗೋಲಿ ಬಿಟ್ಟ ಹಾಗೆ,
ಕೆಸರಿನ ತಿರುವುಗಳಲ್ಲಿ ಉದುರಿಸುವುದು ನನ್ನ ಕೆಲಸ.
ಹತ್ತಕ್ಕೆ ಜೀಲಾಂಗಿನ ಸ್ಕೂಲ್ ಬಸ್ಸು.
ತಟ್ಟೆ ಜಾಲಿಸಿ ಮಕ್ಕಳು ಕಿರುಚುತ್ತವೆ: ಸಿಕ್ತು!
ಟಿಕೆಟ್ ಕಿಟಕಿಯ ಹಿಂದೆ ಚಾ ಹಿಡಿದ ನಾನು
ದಿನವೂ ನಿಜವಾಗಿಯೇ ಬೆರಗಾಗುತ್ತೇನೆ.
ಇದನ್ನು ಯಾರೂ ಮೋಸ ಅನ್ನುವುದಿಲ್ಲ.
ಸಂಬಳದ ಚೀಟಿಯಲ್ಲಿ ‘ತೊರೆ ನಿರ್ವಹಣೆ’ ಎಂದಿದೆ.

ರಾತ್ರಿ ಬೇರೆ ಗಣಿ.
ಹೀಟರು ಕಾಲಿಗೆ, ಲ್ಯಾಪ್‌ಟಾಪು ತೊಡೆಗೆ.
ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರಗಳ ಗೇಮು.
ಸುರುಳಿ ಸುತ್ತಿದ ಒಂದು ಅಟ್ ಗುರುತು, ಅದು ನಾನು.
ದೊಡ್ಡಕ್ಷರದ ಡಿ, ಅದು ಡ್ರ್ಯಾಗನ್.
ಇಪ್ಪತ್ತಾರು ಅಂತಸ್ತು ಕೆಳಗೆ, ಒಂದೇ ಜೀವ;
ಸತ್ತರೆ ಸೇವ್ ಫೈಲನ್ನು ಗೇಮೇ ಅಳಿಸುತ್ತದೆ.
ಸೂತಕವಿಲ್ಲ, ಹತ್ತನೇ ದಿನವಿಲ್ಲ.
ಹನ್ನೊಂದು ತಿಂಗಳಲ್ಲಿ ನೂರಾ ಎಂಬತ್ತು ಸಲ ಸತ್ತೆ:
ಹಸಿದು, ಬಾವಲಿ ಕಚ್ಚಿ, ಒಮ್ಮೆ
ಹೆಸರಿಲ್ಲದ ಬುಡ್ಡಿಯ ಕಷಾಯ ಕುಡಿದು.
ಹೆಚ್ಚಾಗಿ, ಅವಸರಪಟ್ಟು.

ಇದರ ಕೋಡೆಲ್ಲ ಬಯಲಲ್ಲಿದೆ, ಬೀಗವಿಲ್ಲದ ಕಣಜ.
ಯಾರೂ ಓದಬಹುದು, ಯಾರೂ ತಿದ್ದಬಹುದು.
ಬಾಗಿಲೇ ಇಲ್ಲದ ಮನೆಯಲ್ಲಿ ಕದಿಯುವುದು ಹೇಗೆ?
ಅದನ್ನೂ ಕಲಿತೆ.
ಮೊದಲು ಸೇವ್ ಫೈಲಿನ ಒಂದು ನಕಲು, ಇರಲಿ ಎಂದು.
ಆಮೇಲೆ ಬಂಗಾರ: ನಲವತ್ತರ ಮುಂದೆ ಮೂರು ಸೊನ್ನೆ.
ಡಿ ಬಿತ್ತು. ಕಿರೀಟ ಸಿಕ್ಕಿತು.
ಗೆದ್ದಿರಿ ಎಂದಿತು ಪರದೆ,
ಕರೆಯದ ಊಟಕ್ಕೆ ಬಂದವರು ಹರಸುವ ಹಾಗೆ.
ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಲಿಲ್ಲ.
ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

ಹೊಳಲ್ಕೆರೆಯ ನಮ್ಮ ತಿಪ್ಪಕ್ಕತ್ತೆ
ಚೌಕಾಬಾರದ ಮನೆ ಗೀಚಿ, ಮಧ್ಯಾಹ್ನದ ಹೊತ್ತು
ಒಬ್ಬಳೇ ಎರಡೂ ಕಡೆ ಆಡುತ್ತಿದ್ದಳು.
ಈ ಬದಿ ಹುಣಸೆ ಬೀಜ, ಆ ಬದಿ ಬಳೆಚೂರು.
ಕವಡೆ ಬಿಟ್ಟು, ಕಿರುಬೆರಳಲ್ಲಿ ಒಂದನ್ನು ಮಗುಚಿ
ಮೂರನ್ನು ಚೌಕ ಮಾಡುತ್ತಿದ್ದಳು.
‘ಯಾರಿಗತ್ತೆ ಮೋಸ? ಯಾರೂ ಇಲ್ವಲ್ಲ!’
‘ಮೋಸ ಯಾತರದ್ದೇ, ಸೋಲ್ತಾ ಇರೋಳಿಗೆ
ಒಂಚೂರು ಕೈ ಕೊಟ್ಟೆ.’
ನಮ್ಮ ಮಾತಲ್ಲಿ ಕೈ ಕೊಡುವುದಕ್ಕೆ ಎರಡರ್ಥ.
ಅವಳು ಯಾವುದನ್ನು ಹೇಳಿದಳೋ
ಇವತ್ತಿಗೂ ಬಗೆಹರಿದಿಲ್ಲ.

ಗೆದ್ದ ಮೇಲೂ ಉಳಿದದ್ದು ಒಂದು ಗುಟ್ಟಿನ ಬಾಗಿಲು.
ಗೇಮಿನೊಳಗೆ ಹುಡುಕದೆ ಕೋಡಿನೊಳಗೇ ಹುಡುಕಿದೆ.
ನಾಲ್ಕು ಸಾವಿರದ ಚಿಲ್ಲರೆ ಸಾಲಿನ ಕೆಳಗೆ,
ಯಂತ್ರ ಓದದ, ಮನುಷ್ಯರಿಗಷ್ಟೇ ಬರೆದ ಒಂದು ಸಾಲು:
‘ಇಲ್ಲಿವರೆಗೆ ಬಂದೆಯಾ? ಹದಿನೇಳನೇ ಅಂತಸ್ತು,
ತಣ್ಣಗಾದ ಒಲೆಯ ಹಿಂದೆ. ನನಗೂ ಸಿಗುತ್ತಿರಲಿಲ್ಲ.
ಯಾರಿಗೂ ಹೇಳಬೇಡ.’
ಹೆಸರಿಲ್ಲ. ಒಂಬತ್ತು ವರ್ಷದಿಂದ ಆ ಕಡತವನ್ನು
ಯಾರೂ ಮುಟ್ಟಿಲ್ಲ.
ಹಿತ್ತಿಲಿಂದ ನುಗ್ಗುವವಳಿಗೂ ಯಾರೋ
ಬೆಳಗಿನ ಜಾವ ಬಂದು, ಬೂಟಿನ ಗುರುತು ಬಿಡದೆ,
ಒಂದು ಚಿಟಿಕೆ ಉದುರಿಸಿ ಹೋಗಿದ್ದರು.

ಶನಿವಾರ ತೊರೆಯ ಬಳಿ ಒಬ್ಬಳು ಹುಡುಗಿ,
ಮುಂದಿನ ಹಲ್ಲು ಬಿದ್ದವಳು, ಟಿಲ್ಲಿಯಂತೆ ಹೆಸರು,
ನನ್ನ ಜೇಬಿನ ಸೀಸೆ ಕಂಡುಬಿಟ್ಟಳು.
‘ನೀನೇ ಹಾಕೋದಾ?’
ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು.
ಅವಳು ತಮ್ಮನ ಕಡೆ ತಿರುಗಿದಳು. ಮೊಣಕೈವರೆಗೆ ನೆನೆದು,
ನೀಲಿಗಟ್ಟಿದ ತುಟಿ, ಖಾಲಿ ತಟ್ಟೆ ಅವನದು.
ಏನೂ ಹೇಳಲಿಲ್ಲ.
ಹೊಳೆಯುವ ಒಂದು ಚೂರನ್ನು ಕಾಲ್ಬೆರಳಲ್ಲಿ
ಅವನತ್ತ ಮೆಲ್ಲಗೆ ನೂಕಿದಳು.

ಈ ರಾತ್ರಿ ನಕಲು ಇಟ್ಟಿಲ್ಲ, ಸೊನ್ನೆ ಸೇರಿಸಿಲ್ಲ.
ಹದಿನೇಳನೇ ಅಂತಸ್ತು. ಮೂರೇ ಗುಟುಕು ಜೀವ.
ಒಲೆ ತಣ್ಣಗಿದೆ.
ಗೊತ್ತಿಲ್ಲದವಳ ಹಾಗೆ
ಎದುರಿನ ಗೋಡೆಯಿಂದ
ತಡವಲು ಶುರುಮಾಡಿದ್ದೇನೆ.